ಎರಡು ಸೀಟು, ಒಂದು ದೇವರ ಚಿತ್ತ?

ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ.

ಇವತ್ತಿನ ವಾಕ್ಯಭಾಗ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ, 6ರಿಂದ 10ನೇ ವಚನದವರೆಗೆ. ಅಲ್ಲಿಗೆ ಹೋಗುವ ಮುಂಚೆ ಒಂದು ವಿಷಯ ಹೇಳಬೇಕು. ಸಂಬಂಧಪಟ್ಟವರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ, ಹೆಸರು ಮಾತ್ರ ಹೇಳಲ್ಲ.

ನಮ್ಮ ಯೂತ್ ಗ್ರೂಪಿನ ಒಬ್ಬ ತಂಗಿಗೆ ಎರಡು ಕಡೆ ಕಾನೂನು ಓದೋಕೆ ಸೀಟು ಸಿಕ್ಕಿತು. ಒಂದು, ನಮ್ಮ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್. ಇನ್ನೊಂದು, ದೆಹಲಿಯ ನ್ಯಾಷನಲ್ ಲಾ ಯೂನಿವರ್ಸಿಟಿ. ಗೊತ್ತಿಲ್ಲದವರಿಗೆ ಹೇಳ್ತೀನಿ: ಬೆಂಗಳೂರಿಗೆ ಹೋಗೋಕೆ ಕ್ಲ್ಯಾಟ್ ಬರೀಬೇಕು. ದೆಹಲಿಯವರು ಕ್ಲ್ಯಾಟ್‌ಗೆ ಸೇರಿಲ್ಲ, ಅವರಿಗೆ ಐಲೆಟ್ ಅಂತ ಬೇರೆ ಪರೀಕ್ಷೆ ಇದೆ. ಅದಕ್ಕೇ ಒಬ್ಬರ ಕೈಯಲ್ಲಿ ಎರಡೂ ಸೀಟು ಒಟ್ಟಿಗೆ ಇರೋದು ಸಾಧ್ಯ. 2024ರ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಕಾನೂನು ವಿಭಾಗದಲ್ಲಿ ಮೊದಲನೇದು ಬೆಂಗಳೂರು, ಎರಡನೇದು ದೆಹಲಿ. ಅಂದರೆ ಒಂದು ಒಳ್ಳೇದು ಒಂದು ಕೆಟ್ಟದ್ದು ಅಂತ ಇಲ್ಲ. ಎರಡೂ ಒಳ್ಳೇದೇ.

ಅವಳು ನನ್ನ ಹತ್ತಿರ ಬಂದು ಕೇಳಿದಳು, "ಪಾಸ್ಟರ್ ಅಣ್ಣಾ, ಶುಕ್ರವಾರದೊಳಗೆ ಫೀಸ್ ಕಟ್ಟಬೇಕು. ದೇವರ ಚಿತ್ತ ಯಾವುದು ಅಂತ ಪ್ರಾರ್ಥನೆ ಮಾಡಿ ಹೇಳಿ."

ಅಷ್ಟರಲ್ಲಿ ನಮ್ಮ ಸಭೆಯ ಇಬ್ಬರು ಅವಳಿಗೆ ಆಗಲೇ ಹೇಳಿಬಿಟ್ಟಿದ್ದರು. ಒಬ್ಬ ಆಂಟಿ ಉಪವಾಸ ಪ್ರಾರ್ಥನೆಯಲ್ಲಿ ದರ್ಶನ ಕಂಡರಂತೆ, ರೈಲು ಉತ್ತರಕ್ಕೆ ಹೋಗ್ತಾ ಇತ್ತಂತೆ. ಇನ್ನೊಬ್ಬ ಅಂಕಲ್, "ನಿನ್ನ ತಂದೆತಾಯಿ ಇರುವ ಊರಲ್ಲೇ ಕರ್ತನು ನಿನ್ನನ್ನು ಉಪಯೋಗಿಸ್ತಾನೆ" ಅಂತ ತಲೆ ಮೇಲೆ ಕೈ ಇಟ್ಟು ಹೇಳಿದರು. ಎರಡು ಸೀಟು, ಎರಡು ಪ್ರವಾದನೆ. ಮೂರನೇದು ನಾನು ಹೇಳಬೇಕಿತ್ತು. ಟೈ ಬ್ರೇಕರ್ ತರ!

ನಗ್ತಿದ್ದೀರಿ, ನಗಿ. ಆದರೆ ನಾನು ಅವತ್ತು ನಗಲಿಲ್ಲ. ಯಾಕೆ ಅಂತ ಹೇಳ್ತೀನಿ. ಇದನ್ನು ಸಭೆಯ ಮುಂದೆ ಹೇಳೋದು ಇದೇ ಮೊದಲು.

ಕೆಲವು ವರ್ಷಗಳ ಹಿಂದೆ, ಬೈಬಲ್ ಕಾಲೇಜಿನ ಡಿಪ್ಲೊಮಾ ಮುಗಿಸಿಕೊಂಡು ಬಂದ ಹೊಸದರಲ್ಲಿ, ಒಬ್ಬ ತಮ್ಮ ಇದೇ ತರ ಬಂದ. ಅವನಿಗೆ ಎರಡು ಕೆಲಸ ಸಿಕ್ಕಿತ್ತು, ಒಂದು ಪುಣೆಯಲ್ಲಿ, ಒಂದು ಇಲ್ಲಿ. ನಾನು ಕಣ್ಣು ಮುಚ್ಚಿ ಎರಡು ನಿಮಿಷ ಪ್ರಾರ್ಥನೆ ಮಾಡಿ, "ಕರ್ತನು ಹೇಳ್ತಿದ್ದಾನೆ, ಇಲ್ಲೇ ಇರು" ಅಂದೆ. ಪ್ರಿಯರೇ, ಕರ್ತನು ನನಗೆ ಏನೂ ಹೇಳಿರಲಿಲ್ಲ. ಅವನು ಆರಾಧನೆಯಲ್ಲಿ ಗಿಟಾರ್ ನುಡಿಸ್ತಿದ್ದ. ಅವನು ಹೋದರೆ ಭಾನುವಾರ ಯಾರೂ ಇರಲಿಲ್ಲ. ನನ್ನ ಅಗತ್ಯಕ್ಕೆ ನಾನು ಕರ್ತನ ಹೆಸರು ಹಾಕಿದೆ. ಎಂಟು ತಿಂಗಳಿಗೆ ಆ ಕಂಪನಿ ಮುಚ್ಚಿತು. ಅವನು ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಅವನು ದೇವರ ಮೇಲೆ ಸಿಟ್ಟು ಮಾಡಿಕೊಂಡ. ಎರಡು ವರ್ಷ ಸಭೆಗೆ ಬರಲಿಲ್ಲ. ಕೊನೆಗೆ ನಾನೇ ಅವನ ಮನೆಗೆ ಹೋಗಿ, "ಅವತ್ತು ಮಾತಾಡಿದ್ದು ಕರ್ತನಲ್ಲ ಕಣೋ, ನಾನು" ಅಂತ ಒಪ್ಪಿಕೊಂಡು ಕ್ಷಮೆ ಕೇಳಿದೆ.

ದೇವರ ಹೆಸರನ್ನು ಅಯೋಗ್ಯವಾಗಿ ಎತ್ತಬಾರದು ಅನ್ನೋ ಆಜ್ಞೆ ನಮಗೆಲ್ಲಾ ಬಾಯಿಪಾಠ. ನಾವು ಅದನ್ನು ಬೈಗುಳಕ್ಕೆ, ಸುಳ್ಳಾಣೆಗೆ ಮಾತ್ರ ಅನ್ವಯಿಸ್ತೀವಿ. ಆದರೆ ನನ್ನ ಇಷ್ಟಕ್ಕೆ ದೇವರ ಸೀಲ್ ಒತ್ತೋದು ಅದಕ್ಕಿಂತ ಸಣ್ಣ ಪಾಪವಾ? ಯೋಚನೆ ಮಾಡಿ.

ಅದಕ್ಕೆ ಆ ತಂಗಿಗೆ ನಾನು ಹೇಳಿದೆ, "ಅಮ್ಮಾ, ನಾನು ಪ್ರಾರ್ಥನೆ ಮಾಡ್ತೀನಿ. ಆದರೆ ಕರ್ತನು ಹೇಳದೇ ಇರೋದನ್ನು ಹೇಳಿದ ಅಂತ ಹೇಳಲ್ಲ."

ಈಗ ವಾಕ್ಯಕ್ಕೆ ಬನ್ನಿ. ಪೌಲ ಮತ್ತು ಅವನ ಜೊತೆಯವರು ಆಸ್ಯಕ್ಕೆ ಹೋಗೋಣ ಅಂತ ಹೊರಟರು, ಪವಿತ್ರಾತ್ಮನು ಬಿಡಲಿಲ್ಲ. ಬಿಥೂನ್ಯಕ್ಕೆ ಹೋಗೋಣ ಅಂತ ನೋಡಿದರು, ಅಲ್ಲಿಗೂ ಬಿಡಲಿಲ್ಲ. ಹಾಗೇ ನಡೆದು ನಡೆದು ತ್ರೋವಕ್ಕೆ ಬಂದರು. ಅಲ್ಲಿ ರಾತ್ರಿ ಪೌಲನಿಗೆ ಮಕೆದೋನ್ಯದ ಮನುಷ್ಯನ ದರ್ಶನ ಆಯಿತು. ನಾವು ಪೆಂತೆಕೊಸ್ತಿನವರು ದರ್ಶನಕ್ಕೆ ಬಂದಾಗ "ಹಲ್ಲೆಲೂಯ" ಅಂತೀವಿ. ಅನ್ನಲೇಬೇಕು, ಪವಿತ್ರಾತ್ಮನು ಇವತ್ತೂ ಮಾತಾಡ್ತಾನೆ ಅಂತ ನಂಬುವವರು ನಾವು. ಆದರೆ ಮೂರು ವಿಷಯ ಗಮನಿಸಿ.

ಮೊದಲನೇದು, ದರ್ಶನ ಬರೋತನಕ ಅವರು ಮನೇಲಿ ಕೂತಿರಲಿಲ್ಲ. ನಡೀತಾ ಇದ್ದರು. ಬಾಗಿಲು ಮುಚ್ಚಿದೆ ಅಂತ ಗೊತ್ತಾಗಿದ್ದೇ ಬಾಗಿಲ ತನಕ ಹೋಗಿದ್ದರಿಂದ.

ಎರಡನೇದು, 10ನೇ ವಚನ ನೋಡಿ. ದರ್ಶನ ಕಂಡದ್ದು ಪೌಲ ಒಬ್ಬನೇ, ಆದರೆ ತೀರ್ಮಾನಕ್ಕೆ ಬಂದದ್ದು "ನಾವು". ದರ್ಶನ ಬಂದ ಮೇಲೂ ಅದನ್ನು ಕೂಡಿ ಯೋಚಿಸಿ ತೀರ್ಮಾನ ಮಾಡಿದರು. ಬುದ್ಧಿ ಉಪಯೋಗಿಸೋದು ಅಪನಂಬಿಕೆ ಅಲ್ಲ. ಪ್ರವಾದನೆಗಳನ್ನು ಕೇಳಿ ವಿವೇಚಿಸಬೇಕು ಅಂತ ಪೌಲನೇ ಕೊರಿಂಥದವರಿಗೆ ಬರೀತಾನೆ.

ಮೂರನೇದು, ಅವತ್ತು ಮುಚ್ಚಿದ್ದ ಆಸ್ಯದ ಬಾಗಿಲು ಆಮೇಲೆ ತೆರೆಯಿತು. 19ನೇ ಅಧ್ಯಾಯದಲ್ಲಿ ಪೌಲ ಅದೇ ಆಸ್ಯದ ಎಫೆಸದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ. ಅಂದರೆ ಇವತ್ತು ನೀನು ಆರಿಸದೇ ಬಿಟ್ಟದ್ದು ಶಾಪಗ್ರಸ್ತ ಜಾಗ ಅಲ್ಲ.

ನಮ್ಮ ತೊಂದರೆ ಏನು ಗೊತ್ತಾ? ದೇವರ ಚಿತ್ತ ಅಂದರೆ ಕ್ಲ್ಯಾಟ್ ಪ್ರಶ್ನೆಪತ್ರಿಕೆ ಅಂದುಕೊಂಡಿದ್ದೀವಿ. ನಾಲ್ಕು ಆಪ್ಷನ್, ಒಂದೇ ಸರಿ, ತಪ್ಪಿದರೆ ಕಾಲು ಮಾರ್ಕು ಕಟ್. ಒಂದು ಸಲ ತಪ್ಪು ಗುಂಡಿ ಒತ್ತಿದರೆ ಜೀವನ ಪೂರ್ತಿ ದೇವರ ಎರಡನೇ ದರ್ಜೆ ಯೋಜನೆಯಲ್ಲಿ ಬದುಕಬೇಕು ಅನ್ನೋ ಭಯ. ತಂದೆ ಆದವನು ಹಾಗೆ ಮಾಡ್ತಾನಾ? ಎರಡು ಒಳ್ಳೇ ದಾರಿ ಮುಂದೆ ಇಟ್ಟು, ಒಂದನ್ನು ಗುಟ್ಟಾಗಿ ಸರಿ ಅಂತ ಇಟ್ಟುಕೊಂಡು, ಮಗಳು ತಪ್ಪಲಿ ಅಂತ ಕಾಯ್ತಾನಾ?

ಪೌಲನ ವಿಷಯಕ್ಕೇ ಬರೋಣ. ಪೌಲ ಕೂಡ ಒಂದು ತರದಲ್ಲಿ ಲಾ ಸ್ಟೂಡೆಂಟೇ! ಯೆರೂಸಲೇಮಿನಲ್ಲಿ ಗಮಲಿಯೇಲನ ಪಾದದ ಬಳಿ ಧರ್ಮಶಾಸ್ತ್ರ ಕಲಿತವನು. ಆ ಕಾಲದಲ್ಲಿ ಯೆಹೂದ್ಯರಲ್ಲಿ ಎರಡು ದೊಡ್ಡ ಪಂಥಗಳಿದ್ದವು, ಹಿಲ್ಲೇಲನ ಮನೆ, ಶಮ್ಮಾಯನ ಮನೆ. ಗಮಲಿಯೇಲನು ಹಿಲ್ಲೇಲನ ಮೊಮ್ಮಗ ಅಂತ ಯೆಹೂದ್ಯ ಸಂಪ್ರದಾಯ ಹೇಳುತ್ತೆ. ತಾಲ್ಮುದಿನಲ್ಲಿ ಒಂದು ಕಥೆ ಇದೆ. ಬೈಬಲಿನಲ್ಲಿ ಇಲ್ಲ, ಅದನ್ನು ಸ್ಪಷ್ಟ ಮಾಡ್ತೀನಿ. ಎರಡೂ ಮನೆಯವರು ಮೂರು ವರ್ಷ ವಾದ ಮಾಡಿದರಂತೆ, ನಮ್ಮದೇ ಸರಿ, ನಮ್ಮದೇ ಸರಿ ಅಂತ. ಆಗ ಪರಲೋಕದಿಂದ ಧ್ವನಿ ಬಂತಂತೆ: ಎರಡೂ ದೇವರ ಮಾತೇ, ಆದರೆ ನಡೆಯುವಾಗ ಹಿಲ್ಲೇಲನ ಮನೆಯವರಂತೆ ನಡೆಯಿರಿ ಅಂತ. ಯಾಕೆ ಹಿಲ್ಲೇಲನ ಮನೆ? ಅವರು ಜಾಸ್ತಿ ಬುದ್ಧಿವಂತರು ಅಂತಲ್ಲ. ಅವರು ದೀನರಾಗಿದ್ದರು, ತಮ್ಮ ಮಾತಿಗಿಂತ ಮೊದಲು ಎದುರಿನವರ ಮಾತನ್ನು ಹೇಳ್ತಿದ್ದರು.

ಈಗ ಗಮಲಿಯೇಲನನ್ನೂ ಅವನ ಶಿಷ್ಯನನ್ನೂ ಪಕ್ಕಪಕ್ಕ ಇಟ್ಟು ನೋಡಿ. 5ನೇ ಅಧ್ಯಾಯದಲ್ಲಿ ಅಪೊಸ್ತಲರನ್ನು ಕೊಲ್ಲಬೇಕು ಅಂತ ಹಿರೀಸಭೆ ಕೂಗಾಡುವಾಗ ಗಮಲಿಯೇಲ ಎದ್ದು, ಇವರ ತಂಟೆಗೆ ಹೋಗಬೇಡಿ, ಇದು ದೇವರದ್ದಾದರೆ ನೀವು ಕೆಡವಲಾರಿರಿ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. 7ನೇ ಅಧ್ಯಾಯದಲ್ಲಿ ಸ್ತೆಫನನ ಮೇಲೆ ಕಲ್ಲೆಸೆಯುವವರ ಬಟ್ಟೆ ಕಾಯ್ತಾ ನಿಂತವನು ಯಾರು? ಅದೇ ಗಮಲಿಯೇಲನ ಶಿಷ್ಯ ಸೌಲ. ದೇಶದಲ್ಲೇ ದೊಡ್ಡ ಗುರು, ದೊಡ್ಡ ಕಾನೂನು ಶಾಲೆ. ಆದರೂ ಅಲ್ಲಿಂದ ಹೊರಬಂದ ಹುಡುಗ ಒಬ್ಬ ನಿರಪರಾಧಿಯ ಸಾವಿಗೆ ಒಪ್ಪಿಗೆ ಕೊಟ್ಟು ನಿಂತ. ಒಳ್ಳೇ ಕಾಲೇಜು ನಿಮಗೆ ವಾದ ಮಾಡೋಕೆ ಕಲಿಸುತ್ತೆ. ಯಾರ ಪರವಾಗಿ ಅನ್ನೋದು ಆ ಸರ್ಟಿಫಿಕೇಟಿನಲ್ಲಿ ಬರೆದಿರಲ್ಲ.

ಹಾಗಂತ ಓದು ವ್ಯರ್ಥ ಅಲ್ಲ. ಕರ್ತನು ಸೌಲನನ್ನು ಹಿಡಿದ ಮೇಲೆ ಆ ಓದನ್ನು ಬಿಸಾಕಲಿಲ್ಲ. ಅಧಿಪತಿಗಳ ಮುಂದೆ ನಿಂತು ಪ್ರತಿವಾದ ಮಾಡುವಾಗ, ರೋಮ್ ಪೌರತ್ವದ ಹಕ್ಕು ಎತ್ತಿ ಕೈಸರನಿಗೆ ಮೇಲ್ಮನವಿ ಮಾಡುವಾಗ, ಪೌಲ ತನಗೆ ತಿಳಿದಿದ್ದ ಕಾನೂನನ್ನು ಚೆನ್ನಾಗೇ ಉಪಯೋಗಿಸಿಕೊಂಡ.

ಈಗ ನಮ್ಮ ತಂಗಿಯ ಕಥೆ ಮುಗಿಸ್ತೀನಿ. ಅವಳನ್ನು ಕೇಳಿದೆ, "ದರ್ಶನ ಎಲ್ಲಾ ಪಕ್ಕಕ್ಕಿಡು. ನಿನಗೆ ಯಾವುದು ಇಷ್ಟ?" ತುಂಬಾ ಹೊತ್ತು ಸುಮ್ಮನಿದ್ದು, "ದೆಹಲಿ" ಅಂದಳು.

ಕಾರಣನೂ ಇತ್ತು. ಅವಳ ದೂರದ ಮಾವ ಒಬ್ಬರು ವಿಚಾರಣೆ ಮುಗಿಯದೆ ವರ್ಷಗಟ್ಟಲೆ ಜೈಲಿನಲ್ಲಿದ್ದರು. ನಮ್ಮ ದೇಶದ ಜೈಲುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಜನ ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನ ಕೈದಿಗಳು, ಗೊತ್ತಿರಲಿ. ದೆಹಲಿಯ ಆ ಕಾಲೇಜಿನ ವಿದ್ಯಾರ್ಥಿಗಳು ಮರಣದಂಡನೆ ಆದ 370ಕ್ಕೂ ಹೆಚ್ಚು ಕೈದಿಗಳನ್ನು ಮಾತಾಡಿಸಿ ಮಾಡಿದ ಅಧ್ಯಯನ 2016ರಲ್ಲಿ ವರದಿಯಾಗಿ ಬಂತು. ಅದನ್ನು ಓದಿದಾಗಿಂದ ಅವಳಿಗೆ ಅಲ್ಲಿಗೆ ಹೋಗೋ ಆಸೆ. ಬೆಂಗಳೂರಿನಲ್ಲೂ ಕಾನೂನು ನೆರವಿನ ಕ್ಲಿನಿಕ್ ಇದೆಯಲ್ಲಮ್ಮಾ ಅಂದೆ. "ಗೊತ್ತು ಅಣ್ಣಾ. ಆದರೂ ನನಗೆ ಒಂದು ಸಲ ಮನೆಯಿಂದ ದೂರ ಇದ್ದು ನೋಡಬೇಕು" ಅಂದಳು.

"ಮತ್ತೆ ಅಪ್ಪನಿಗೆ ಹೇಳೋಕೆ ಏನು ಕಷ್ಟ?"

ಅವಳು ಅತ್ತುಬಿಟ್ಟಳು. ಅವಳ ತಂದೆ ಆಟೋ ಓಡಿಸ್ತಾರೆ. ನಾಗರಭಾವಿ ಕಡೆ ಬಾಡಿಗೆ ಸಿಕ್ಕಾಗೆಲ್ಲಾ ಆ ಲಾ ಸ್ಕೂಲ್ ಗೇಟ್ ತೋರಿಸಿ, "ನನ್ನ ಮಗಳು ಇಲ್ಲೇ ಓದೋದು ಸಾರ್" ಅಂತ ಪ್ಯಾಸೆಂಜರ್‌ಗಳಿಗೆ ಹೇಳ್ತಿದ್ದರಂತೆ, ಅವಳು ಇನ್ನೂ ಪಿಯುಸಿಯಲ್ಲಿದ್ದಾಗಿಂದ. 1988ರಲ್ಲಿ ಮೊದಲ ಬ್ಯಾಚ್ ಶುರುವಾದ ಕಾಲೇಜದು. ಆಮೇಲೆ ದೇಶದಲ್ಲಿ ಬಂದ ನ್ಯಾಷನಲ್ ಲಾ ಯೂನಿವರ್ಸಿಟಿಗಳಿಗೆಲ್ಲಾ ಮಾದರಿ. ಅದನ್ನು ಬೇಡ ಅನ್ನೋದು ಹೇಗೆ?

ಆಗ ನನಗೆ ಅರ್ಥ ಆಯಿತು. ಅವಳಿಗೆ ದೇವರ ಚಿತ್ತ ತಿಳಿಯದೆ ಕಷ್ಟ ಆಗಿರಲಿಲ್ಲ. ಅಪ್ಪನ ಮುಖ ನೋಡಿ ಹೇಳೋಕೆ ಕಷ್ಟ ಆಗಿತ್ತು. "ಕರ್ತನು ದೆಹಲಿ ಅಂತ ಹೇಳಿದ್ದಾನೆ" ಅಂತ ಪಾಸ್ಟರ್ ಹೇಳಿದರೆ ಅಪ್ಪ ಎದುರು ಮಾತಾಡೋ ಹಾಗಿಲ್ಲ. ನೋವು ಕೊಟ್ಟವನು ದೇವರು, ನಾನಲ್ಲ. ತಮ್ಮಂದಿರೇ, ತಂಗಿಯರೇ, ನಾವು ಎಷ್ಟು ಸಲ ಹೀಗೆ ಮಾಡ್ತೀವಿ! ಮದುವೆ ಬೇಡ ಅನ್ನೋಕೆ ಧೈರ್ಯ ಇಲ್ಲದೆ "ಕರ್ತನು ಸಮಾಧಾನ ಕೊಡ್ತಿಲ್ಲ" ಅಂತೀವಿ. ನಮ್ಮ ಆಯ್ಕೆಯ ಭಾರವನ್ನು ದೇವರ ತಲೆ ಮೇಲೆ ಹೊರಿಸಿ ನಾವು ಹಗುರಾಗಿ ನಡೀತೀವಿ.

ಹಾಗಾದರೆ ಎರಡು ಒಳ್ಳೇದರ ಮಧ್ಯೆ ನಿಂತಾಗ ಏನು ಕೇಳಿಕೊಳ್ಳಬೇಕು? ಮೂರೇ ಪ್ರಶ್ನೆ. ಕರ್ತನು ವಾಕ್ಯದಲ್ಲಿ ಈಗಾಗಲೇ ಸ್ಪಷ್ಟವಾಗಿ ಹೇಳಿರೋದಕ್ಕೆ ಇದು ವಿರುದ್ಧವಾ? ಇಲ್ಲಿ ಕಲಿಯೋದು ನನ್ನ ಹೆಸರಿಗೆ ಮಾತ್ರವಾ, ಇಲ್ಲ ಯಾರಿಗಾದರೂ ನ್ಯಾಯ ಸಿಗೋಕಾ? ಮತ್ತೆ, ನನ್ನ ಆಯ್ಕೆಯ ಖರ್ಚು ಯಾರು ಹೊರ್ತಾರೆ, ಅವರ ಮುಂದೆ ಕೂತು ನಾನು ಮಾತಾಡಿದ್ದೀನಾ? ಈ ಮೂರಕ್ಕೂ ಪ್ರಾಮಾಣಿಕ ಉತ್ತರ ಇದ್ದರೆ, ಆರಿಸು. ಪ್ರಾರ್ಥನೆ ಮಾಡಿ ಆರಿಸು. "ನಾನು ಆರಿಸಿದೆ" ಅಂತ ಹೇಳೋಕೆ ಹೆದರಬೇಡ.

ಅವಳು ಆ ರಾತ್ರಿ ಅಪ್ಪನಿಗೆ ತಾನೇ ಹೇಳಿದಳು. ಅವರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಊಟಕ್ಕೆ ಕೂತಾಗ ಕೇಳಿದರಂತೆ, "ಅಲ್ಲಿ ಚಳಿ ಜಾಸ್ತಿಯಂತೆ, ಇಲ್ಲಿಯ ಸ್ವೆಟರ್ ಸಾಕಾಗುತ್ತಾ?" ನೋವಿದೆ, ಸಾಲವೂ ಇದೆ. ಆದರೆ ಆ ಮನೆಯಲ್ಲಿ ಸುಳ್ಳಿಲ್ಲ.

ಇನ್ನೊಂದೇ ಮಾತು. ಅವಳ ರಿಸಲ್ಟ್ ಬಂದ ಭಾನುವಾರ ನಾವೆಲ್ಲಾ ಚಪ್ಪಾಳೆ ಹೊಡೆದೆವು. ಎರಡು ಸಲ ಕ್ಲ್ಯಾಟ್ ಬರೆದೂ ರ‍್ಯಾಂಕ್ ಬಾರದೆ ಇಲ್ಲೇ ಒಂದು ಲಾ ಕಾಲೇಜಿಗೆ ಹೋಗ್ತಿರೋ ನಮ್ಮ ತಮ್ಮ ಕೂಡ ಅವತ್ತು ಚಪ್ಪಾಳೆ ಹೊಡೆದ. ಅವನ ಮುಂದೆ ಎರಡು ಸೀಟು ಇರಲಿಲ್ಲ. ಅದಕ್ಕೇ ಏನೋ, ಯಾರೂ ಅವನಿಗೆ ದರ್ಶನ ಕಾಣಲಿಲ್ಲ. ಇದನ್ನು ಹೇಳೋಕೆ ನನಗೆ ನಾಚಿಕೆ ಆಗುತ್ತೆ. ನಮ್ಮ ಸಭೆಯ ಒಬ್ಬ ಆಂಟಿಗೆ ಮನೆ ಓನರ್ ಅಡ್ವಾನ್ಸ್ ವಾಪಸ್ ಕೊಡದೆ ಸತಾಯಿಸ್ತಿದ್ದಾಗ, ವಕೀಲರ ಹತ್ತಿರ ಕರ್ಕೊಂಡು ಹೋಗಿ ನೋಟಿಸ್ ಕಳಿಸೋ ತನಕ ಮೂರು ವಾರ ಓಡಾಡಿದ್ದು ಅವನೇ. ಆ ಮೂರು ಪ್ರಶ್ನೆಯಲ್ಲಿ ಎರಡನೇದಕ್ಕೆ ಅವನು ಯಾವ ಕಾಲೇಜನ್ನೂ ಕಾಯದೆ ಉತ್ತರ ಕೊಟ್ಟುಬಿಟ್ಟಿದ್ದಾನೆ.

ದೇವರ ಚಿತ್ತ ರ‍್ಯಾಂಕ್ ಬಂದವರಿಗೆ ಮಾತ್ರ ಇರೋ ಸೌಲಭ್ಯ ಅಲ್ಲ, ಪ್ರಿಯರೇ. ಎದ್ದು ನಿಲ್ಲೋಣ. ಇವತ್ತು ನಿಮಗೆ ಬೇಕಾಗಿರೋದು ಉತ್ತರವೋ, ಉತ್ತರ ಗೊತ್ತಿದ್ದೂ ಅದನ್ನು ಹೇಳೋ ಧೈರ್ಯವೋ, ಅದನ್ನು ಕರ್ತನ ಮುಂದೆ ಬಿಚ್ಚಿ ಹೇಳಿ. ಯಾರ ಹತ್ತಿರ ಮಾತಾಡಬೇಕೋ ಅವರ ಮುಖ ನೆನಪಿಸಿಕೊಳ್ಳಿ. ಪ್ರಾರ್ಥನೆ ಮುಗಿದ ಮೇಲೆ ಅವರಿಗೆ ಫೋನ್ ಮಾಡಿ.

ಪ್ರಾರ್ಥಿಸೋಣ. ಆಮೆನ್.