ಕರಟ ಸುಡಬೇಕೆ?

ಹಳೆಯ ಸಾಮಾನು ಅಂದ ಕೂಡಲೆ ಕೆಲವರ ಮನೆಯಲ್ಲಿ ಅಟ್ಟದಿಂದ ಹಿತ್ತಾಳೆ ಇಳಿಯುತ್ತದೆ. ಮುತ್ತಜ್ಜಿಯ ಎಲೆಅಡಿಕೆ ಪೆಟ್ಟಿಗೆ, ಬೀಟೆಮರದ ಕಪಾಟು, ದೊಡ್ಡ ದೊಡ್ಡ ಚೊಂಬು, ಕೊಳಗ. ಮೊಮ್ಮಕ್ಕಳು ಹುಣಿಸೆಹಣ್ಣು ಹಾಕಿ ಬೆಳಗಿ ನಡುಮನೆಯಲ್ಲಿಟ್ಟು ‘ಇದು ನಮ್ಮ ಪರಂಪರೆ’ ಅನ್ನುತ್ತಾರೆ. ಅನ್ನಲಿ. ಹಿತ್ತಾಳೆಯ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಅಟ್ಟವೇ ಇಲ್ಲದ ಮನೆಗಳಲ್ಲಿ ಹುಟ್ಟಿದ ನಾವು ಏನನ್ನು ಇಳಿಸೋಣ? ಮಳೆ ಬಂದರೆ ಪಾತ್ರೆ ಹಿಡಿದು ಕೂರುವ ಗುಡಿಸಲಲ್ಲಿ ಏನು ತಾನೆ ಉಳಿದೀತು?

ಉಳಿದದ್ದು ಒಂದು ತಗಡಿನ ಟ್ರಂಕು. ಅದರಲ್ಲಿ ತಾತನ ರಂಪಿಗೆ, ಹಿಡಿ ಸವೆದ ಉಳಿ. ಹೆಬ್ಬೆಟ್ಟು ಒತ್ತಿದ ಒಂದು ಸಾಲದ ಪತ್ರ, ಮಡಿಕೆಯಲ್ಲೇ ಹರಿದು ನಾಲ್ಕು ಚೂರಾಗಿದೆ. ನಮ್ಮ ಮನೆಯ ಮೊಟ್ಟಮೊದಲ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ತಳದಲ್ಲಿ ಒಂದು ತೆಂಗಿನ ಕರಟ.

ಕರಟ ಸಾಹುಕಾರರ ಕೊಟ್ಟಿಗೆಯದು. ತಾತ ಅಲ್ಲಿ ಜೀತಕ್ಕಿದ್ದ, ಅಜ್ಜಿ ಸಗಣಿ ಬಾಚುತ್ತಿದ್ದಳು. ಮಜ್ಜಿಗೆಯೋ ಅಂಬಲಿಯೋ, ಏನು ಕೊಟ್ಟರೂ ಮೇಲಿನಿಂದ ಆ ಕರಟಕ್ಕೇ ಹುಯ್ಯುತ್ತಿದ್ದರು. ಕುಡಿದು, ತೊಳೆದು, ಮತ್ತೆ ಸೂರಿಗೇ ಸಿಕ್ಕಿಸಬೇಕು. 1976ರಲ್ಲಿ ಜೀತ ರದ್ದು ಮಾಡುವ ಕಾನೂನು ಬಂತು. ಕಾನೂನು ದಿಲ್ಲಿಯಿಂದ ಕೊಟ್ಟಿಗೆಯ ತನಕ ನಡೆದು ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಕೊನೆಗೆ ತಾತ ಬಿಟ್ಟು ಬಂದ ದಿನ ಸೂರಿನಿಂದ ಕರಟವನ್ನೂ ಕಿತ್ತುಕೊಂಡು ಬಂದ. ಯಾಕೆ ಅಂತ ಹೇಳಲಿಲ್ಲ.

ಇದನ್ನು ಇಟ್ಟುಕೊಳ್ಳುವುದು ಸರಿಯೆ? ನಮ್ಮ ಗೆಳೆಯರಲ್ಲೇ ಜಗಳವಿದೆ. ‘ಅವಮಾನಾನ ಪೆಟ್ಟಿಗೇಲಿಟ್ಟು ಪೂಜೆ ಮಾಡ್ತೀರೇನ್ರೋ? 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರು ಮನುಸ್ಮೃತಿ ಸುಟ್ಟರಲ್ಲ, ಇದನ್ನೂ ಒಲೆಗೆ ಹಾಕಿ’ ಅನ್ನುತ್ತಾರೆ. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಗಾಯವನ್ನು ಕೆರೆದುಕೊಳ್ಳುವುದರಲ್ಲೂ ಒಂದು ಚಟವಿದೆ, ಕವಿಗಳಾದ ನಮಗೆ ಅದು ಇನ್ನೂ ಜಾಸ್ತಿ. ಆದರೆ ಮನುಸ್ಮೃತಿ ಕಟ್ಟಳೆ, ಕರಟ ಸಾಕ್ಷಿ. ಸುಟ್ಟ ಪುಸ್ತಕಕ್ಕೆ ಸಾವಿರ ಪ್ರತಿಗಳಿವೆ, ಅದರೊಳಗಿದ್ದದ್ದು ಯಾರಿಗೂ ಮರೆತುಹೋಗುವುದಿಲ್ಲ. ಈ ಕರಟ ಇರುವುದು ಒಂದೇ. ಇವತ್ತು ಇದು ಬೂದಿಯಾದರೆ, ‘ನಮ್ಮೂರಲ್ಲಿ ಅಂಥಾದ್ದೇನೂ ಇರಲಿಲ್ಲಪ್ಪ, ಎಲ್ಲಾ ಅಣ್ಣತಮ್ಮಂದಿರ ಹಾಗಿದ್ವಿ’ ಅನ್ನುವವರಿಗೆ ನಾಳೆ ಏನು ತೋರಿಸುವುದು? ಈಗಾಗಲೇ ಹಾಗಂತಿದ್ದಾರೆ.

ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಮೂಲೆಯಲ್ಲಿ ಕೂರಲು ಬೇರೆ ಗೋಣಿತಟ್ಟು ಇತ್ತು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಮನೆಗೊಯ್ದು ಬೆಳಿಗ್ಗೆ ಮತ್ತೆ ತರಬೇಕು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ನಾಗಪುರದ ಹತ್ತಿರ ಚಿಚೋಳಿಯಲ್ಲಿ ಅವರ ಕೋಟು, ಟೈಪ್‌ರೈಟರುಗಳನ್ನು ಜೋಪಾನ ಮಾಡಿದ್ದಾರೆ. ಗೋಣಿತಟ್ಟನ್ನು ಯಾರು ಕಾಯುತ್ತಾರೆ? ಅವರು ಬರೆದದ್ದರಿಂದ ಅದು ಉಳಿಯಿತು. ನಮ್ಮ ತಾತನಿಗೆ ಅಕ್ಷರ ಬರುತ್ತಿರಲಿಲ್ಲ. ಅವನು ಕರಟ ತಂದ.

ಟ್ರಂಕಿನ ಪಕ್ಕದ ಗೋಡೆಗೆ ಒಂದು ತಮಟೆ ತೂಗುತ್ತದೆ. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಹೆಣದ ಮುಂದೆ, ಡಂಗುರಕ್ಕೆ, ಬಿಟ್ಟಿಯಾಗಿ ಬಡಿಸಿದರು ನಿಜ. ಆದರೆ ಎಷ್ಟು ಕಾಯಿಸಿದರೆ ಚರ್ಮ ಯಾವ ದನಿ ಕೊಡುತ್ತದೆ ಅನ್ನುವುದು ಬಡಿಸಿದವನಿಗೆ ಗೊತ್ತಿರಲಿಲ್ಲ, ಬಡಿದವನಿಗೆ ಗೊತ್ತಿತ್ತು. ಅದಕ್ಕೇ ಅದು ನಮ್ಮ ಮೆರವಣಿಗೆಗಳಲ್ಲಿ ಮುಂದೆ ನಡೆದು ಬಂತು. ಕರಟದಲ್ಲಿ ಅಂಥ ವಿದ್ಯೆಯಿಲ್ಲ. (ಪಾಪ, ಕರಟದ್ದೇನು ತಪ್ಪು? ಕಡ್ಡಿ ಸಿಕ್ಕಿಸಿದರೆ ಅದೇ ಸಾರಿನ ಸೌಟು.)

ಹಾಗಾದರೆ ವಸ್ತುಸಂಗ್ರಹಾಲಯಕ್ಕೆ ಕೊಡೋಣವೆ? ಮೈಸೂರಿನಲ್ಲಿ ರಾಜಕುಮಾರಿಗೆಂದು 1905ರಲ್ಲಿ ಕಟ್ಟಿಸಿದ ಜಯಲಕ್ಷ್ಮಿ ವಿಲಾಸದಲ್ಲೇ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಿದೆ. ಅದು ಶುರುವಾದದ್ದು 1968ರಲ್ಲಿ. ಹಳ್ಳಿಯವರ ದುಡಿಮೆಯ ಸಾಮಾನು ಅರಮನೆ ಹೊಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಕರಟದ ಕೆಳಗೆ ಏನಂತ ಚೀಟಿ ಅಂಟಿಸುವುದು? ‘ಕುಡಿಯುವ ಪಾತ್ರೆ, ಗ್ರಾಮೀಣ’ ಅಂತಲೆ?

ನಮ್ಮ ವಾದವನ್ನೆಲ್ಲ ಕೇಳುತ್ತ ರಾಗಿ ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟು ಅಂದಳು: ‘ತೋರ್ಸದಾದ್ರೆ ಅದೊಂದ್ನೇ ತೋರಿಸ್‌ಬ್ಯಾಡ ಕಣ್ಲಾ. ಮ್ಯಾಲಿಂದ ಹುಯ್ತಿದ್ದ ಚೊಂಬ್ನೂ ತಂದು ಪಕ್ದಾಗಿಕ್ಕು.’

ಅದರಲ್ಲಿ ಕುಡಿದವಳು ಅವಳು, ಓದಿ ಬರೆದವರು ನಾವು. ಆದರೂ ನಮಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ಕರಟ ಒಂಟಿಯಲ್ಲ, ಅದು ಜೋಡಿ ಸಾಮಾನು. ಅದರ ಜೊತೆಯದು ಇವತ್ತು ಫಳಫಳ ಬೆಳಗಿಕೊಂಡು ಇನ್ನೊಬ್ಬರ ನಡುಮನೆಯಲ್ಲಿ ಕೂತಿದೆ. ಕರಟವೊಂದನ್ನೇ ತೋರಿಸಿದರೆ ನೋಡಿದವರು ‘ಅಯ್ಯೋ ಪಾಪ’ ಅಂದು ಮುಂದೆ ಹೋಗುತ್ತಾರೆ, ನಾಚಿಕೆ ನಮ್ಮ ತಲೆಗೇ ಸುತ್ತಿಕೊಳ್ಳುತ್ತದೆ. ಚೊಂಬು ಪಕ್ಕಕ್ಕೆ ಬಂದು ಕೂತರೆ, ಹುಯ್ದ ಕೈ ಯಾರದು ಅಂತ ಕೇಳಲೇಬೇಕಾಗುತ್ತದೆ. ಪರಂಪರೆ ಅಂತ ಪಟ್ಟಿ ಮಾಡುವವರು ಇದನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಳ್ಳಲಿ. ಸೂರು ಅವರದು, ಕರಟವೂ ಅವರದೇ. ನಾವು ಕಾಪಾಡಿಕೊಟ್ಟಿದ್ದೇವೆ ಅಷ್ಟೆ.

ಈಗ ಕರಟ ಹೋಯಿತು. ಕೆಲವು ಟೀ ಅಂಗಡಿಗಳಲ್ಲಿ ಅವರಿಗೆ ಸ್ಟೀಲ್ ಲೋಟ, ನಮಗೆ ಕಾಗದದ ಲೋಟ. ಕೇಳಿದರೆ ‘ಶುಚಿತ್ವಕ್ಕೆ ಸಾರ್’ ಅನ್ನುತ್ತಾರೆ. ಇದರ ಜಾಣತನ ನೋಡಿ. ಕರಟವನ್ನು ತೊಳೆದು ಅಲ್ಲೇ ಇಡಬೇಕಿತ್ತು, ಆದ್ದರಿಂದ ಅದು ಉಳಿಯಿತು. ಇದನ್ನು ಕುಡಿದ ಮೇಲೆ ನಾವೇ ನಮ್ಮ ಕೈಯಾರೆ ಮುದುರಿ ಬುಟ್ಟಿಗೆ ಎಸೆಯುತ್ತೇವೆ. ಸಂಜೆಗೆ ಬುಟ್ಟಿಯೂ ಖಾಲಿ. ಕೇರಿಯ ಒಬ್ಬ ಹುಡುಗ ಮೊನ್ನೆ ಅಂಥದ್ದೊಂದನ್ನು ಎಸೆಯದೆ ಜೇಬಿನಲ್ಲಿಟ್ಟು ತಂದ. ಅಂಗಡಿ ಯಾವುದು, ದಿನ ಯಾವುದು ಅಂತ ಅದರ ಮೇಲೇ ಬಾಲ್‌ಪೆನ್ನಿನಲ್ಲಿ ಬರೆದಿದ್ದಾನೆ. ಈಗ ಟ್ರಂಕಿನಲ್ಲಿ ಕರಟದೊಳಗೆ ಕೂತಿದೆ.