ಬೆರೆಸುವ ಕೈ

ಬೇಲದ ಹಣ್ಣು ಮಾಗಿದೆಯೋ ಇಲ್ಲವೋ ತಿಳಿಯಲು ನಮ್ಮ ಮನೆಯಲ್ಲಿ ಒಂದೇ ಪರೀಕ್ಷೆ. ಮೊಣಕಾಲೆತ್ತರದಿಂದ ನೆಲಕ್ಕೆ ಬಿಡುವುದು. ಕಾಯಿಯಾದರೆ ಪುಟಿದು ಉರುಳುತ್ತದೆ, ಹಣ್ಣಾದರೆ ದಪ್ಪೆಂದು ಬಿದ್ದಲ್ಲೇ ಕೂರುತ್ತದೆ. ಗುಂಡುಕಲ್ಲಿನಿಂದ ಒಡೆದು, ಕಂದು ತಿರುಳನ್ನು ಚಮಚದಲ್ಲಿ ಕೆರೆದು, ಪುಡಿಬೆಲ್ಲದ ಜೊತೆ ಕೈಯಲ್ಲೇ ಕಿವುಚಬೇಕು. ಮಿಕ್ಸಿಗೆ ಹಾಕಿದರೆ ಬೀಜವೂ ಅರೆದು ರುಚಿ ಕೆಡುತ್ತದೆ. ಆಮೇಲೆ ನೀರು, ಏಲಕ್ಕಿ, ಒಣಶುಂಠಿ, ಚಿಟಿಕೆ ಉಪ್ಪು. ರಾಮನವಮಿಯ ಹೊತ್ತಿಗೆ ಮೈಸೂರಿನ ಬಿಸಿಲು ಏರಿರುತ್ತದೆ. ನೈವೇದ್ಯ ಮುಗಿದ ಮೇಲೆ ಪಾನಕದ ಕೊಳಗವನ್ನು ಹೊರಗಿನ ಜಗಲಿಗೆ ತಂದಿಟ್ಟು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೊಡುವುದು ನಮ್ಮ ಅತ್ತೆಯವರ ಕಾಲದಿಂದ ಬಂದ ಪದ್ಧತಿ.

ಈ ಸಲ ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಬ್ಯಾಗಿನಲ್ಲಿ ಸ್ಟೀಲಿನ ಶೇಕರ್, ಪುದೀನ, ಸೋಡಾ, ಒಂದು ಬಿಳಿ ರಮ್ಮಿನ ಬಾಟಲಿ. ಬೇಸಿಗೆಗೆ ಮನೆಯಲ್ಲೇ ಹಣ್ಣಿನ ಕಾಕ್‌ಟೇಲ್ ಮಾಡುವುದು ಅವನ ಹೊಸ ಹುಚ್ಚು. ಕರಬೂಜದ ರಸ, ನಿಂಬೆ, ಪುದೀನ, ಐಸು, ಅದರ ಮೇಲೆ ರಮ್. ನನ್ನ ಕೊಳಗಕ್ಕೆ ಸೌಟು ಹಾಕಿ ಒಂದು ಗುಟುಕು ಕುಡಿದವನೇ, "ದೊಡ್ಡಮ್ಮ, ಇದಕ್ಕೆ ಮೂವತ್ತು ಎಂಎಲ್ ರಮ್ ಬಿದ್ರೆ ಫೈವ್ ಸ್ಟಾರ್ ಹೋಟೆಲಲ್ಲಿ ಸಾವಿರ ರೂಪಾಯಿ ಕೊಡ್ತಾರೆ. ನಿಮ್ಮ ರಾಮ ಬೇಡ ಅಂತಾನಾ?" ಅಂದ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರಿಗೆ ರಸಾಯನಶಾಸ್ತ್ರ ಪಾಠ ಹೇಳಿದವಳು ನಾನು. ಇಂಥ ಪ್ರಶ್ನೆಗೆ ಛೀ ಅಂದು ಬಾಯಿ ಮುಚ್ಚಿಸಲು ಮನಸ್ಸು ಬರುವುದಿಲ್ಲ. ಯಾಕೆಂದರೆ ಪ್ರಶ್ನೆ ಗಟ್ಟಿಯಾಗಿಯೇ ಇದೆ.

ಪಾನಕಕ್ಕೆ ಬೇಕಾದ ಸಾಮಾನೆಲ್ಲವೂ ಹೆಂಡಕ್ಕೂ ಬೇಕಾದ ಸಾಮಾನೇ. ಮನುಸ್ಮೃತಿ ಹೇಳುವ ಮೂರು ಬಗೆಯ ಸುರೆಗಳಲ್ಲಿ ಒಂದು ಬೆಲ್ಲದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಅಧಿಕಾರದ ಕೆಳಗೆ ಬರುವ ಆಸವಕ್ಕೆ ಮುಖ್ಯ ವಸ್ತು ಇದೇ ಬೇಲದ ಹಣ್ಣು. ಹಣ್ಣಿನ ಸಿಪ್ಪೆಯ ಮೇಲೆ ಯೀಸ್ಟ್ ಹೇಗೂ ಇರುತ್ತದೆ. ಸಕ್ಕರೆ ಇದೆ, ನೀರಿದೆ, ಹೊರಗೆ ಬಿಸಿಲಿದೆ. ಕೊಳಗವನ್ನು ಮುಚ್ಚಿಟ್ಟು ಮರೆತರೆ ನಾಳೆ ನಾಡಿದ್ದರೊಳಗೆ ಅದು ತನ್ನ ಪಾಡಿಗೆ ತಾನು ನೊರೆ ಕಟ್ಟುತ್ತದೆ. ತುಂಬ ಮಾಗಿದ ಬಾಳೆಹಣ್ಣಿನಲ್ಲೂ ತುಸು ಆಲ್ಕೋಹಾಲ್ ಇದ್ದೇ ಇರುತ್ತದೆ. ಕೆಮ್ಮು ನೆಗಡಿಗೆ ಮನೆಮನೆಯಲ್ಲಿ ಕುಡಿಯುವ ದ್ರಾಕ್ಷಾಸವದಲ್ಲಂತೂ ಅದು ಇದೆ ಎಂದು ಬಾಟಲಿಯ ಮೇಲೇ ಅಚ್ಚು ಹಾಕಿರುತ್ತಾರೆ. ಮಡಿ ಉಟ್ಟು ಆಸವ ಕುಡಿದವರನ್ನು ನಾನೇ ಬೇಕಾದಷ್ಟು ಕಂಡಿದ್ದೇನೆ. ಹಾಗಾಗಿ ವಸ್ತುವಿನಲ್ಲೇ ಪಾಪ ಇದೆ ಎನ್ನುವ ವಾದ ನನ್ನ ಪ್ರಯೋಗಶಾಲೆಯಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಗೆರೆ ಎಲ್ಲಿ? ಕೆಲವರು ಅದನ್ನು ಕಾಲದಲ್ಲಿ ಎಳೆದರು. ಪ್ರವಾದಿ ಮುಹಮ್ಮದರಿಗಾಗಿ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿಡುತ್ತಿದ್ದರು, ಅವರು ಅದನ್ನು ಮೂರನೆಯ ದಿನದ ಸಂಜೆಯವರೆಗೆ ಮಾತ್ರ ಕುಡಿಯುತ್ತಿದ್ದರು, ಆಮೇಲೆ ಉಳಿದದ್ದನ್ನು ಚೆಲ್ಲಿಸುತ್ತಿದ್ದರು ಎಂದು ಹದೀಸಿನಲ್ಲಿ ಬರುತ್ತದೆ. ನಮ್ಮ ನೀರಾ ಇಳಿಸುವವರಿಗೂ ಈ ಲೆಕ್ಕ ಗೊತ್ತು. ಮಡಕೆಯ ಒಳಗೆ ಸುಣ್ಣ ಬಳಿದು, ಬಿಸಿಲೇರುವ ಮೊದಲೇ ಇಳಿಸಿದರೆ ನೀರಾ, ತಡವಾದರೆ ಹೆಂಡ. ಅಮೆರಿಕದಲ್ಲಿ ಥಾಮಸ್ ವೆಲ್ಚ್ ಎಂಬ ದಂತವೈದ್ಯ 1869ರಲ್ಲಿ, ಚರ್ಚಿನ ಪ್ರಭುಭೋಜನಕ್ಕೆ ಅಮಲಿಲ್ಲದ ದ್ರಾಕ್ಷಾರಸ ಬೇಕೆಂದು, ಪಾಶ್ಚರನ ವಿಧಾನದಲ್ಲಿ ರಸವನ್ನು ಬಿಸಿ ಮಾಡಿ ಯೀಸ್ಟನ್ನೇ ಕೊಂದ. ಕಾಲವನ್ನೇ ಬಾಟಲಿಯೊಳಗೆ ನಿಲ್ಲಿಸಿಬಿಟ್ಟ. ಕಾಲದ ಗೆರೆ ನನಗೆ ಒಪ್ಪಿಗೆಯೇ. ಆದರೆ ಅದು ತಂಗಿಯ ಮಗನಿಗೆ ಉತ್ತರವಾಗುವುದಿಲ್ಲ. ಅವನ ರಮ್ಮಿಗೆ ಕಾಯುವ ಕೆಲಸವೇ ಇಲ್ಲ. ಇಷ್ಟು ಸುರಿದರೆ ಮುಗಿಯಿತು.

ಈ ವಿಷಯದಲ್ಲಿ ಎಲ್ಲರಿಗಿಂತ ನಿಧಾನವಾಗಿ ಯೋಚಿಸಿದವನು ಬುದ್ಧ ಅಂತ ನನಗೆ ಅನ್ನಿಸುತ್ತದೆ. ಭಿಕ್ಷುಗಳಿಗೆ ಮಧ್ಯಾಹ್ನದ ಮೇಲೆ ಊಟವಿಲ್ಲ. ಕೇಣಿಯನೆಂಬ ಜಟಾಧಾರಿ ತಪಸ್ವಿ ಒಮ್ಮೆ ಪಾನಕ ಹೊರಿಸಿಕೊಂಡು ಬಂದಾಗ ಬುದ್ಧ ಎಂಟು ಪಾನಕಗಳಿಗೆ ಅಪ್ಪಣೆ ಕೊಟ್ಟ ಎಂದು ವಿನಯಪಿಟಕ ಹೇಳುತ್ತದೆ. ಮಾವು, ನೇರಳೆ, ಎರಡು ಬಗೆಯ ಬಾಳೆ, ದ್ರಾಕ್ಷಿ, ಫಾಲ್ಸಾ ಎಲ್ಲ ಆ ಪಟ್ಟಿಯಲ್ಲಿವೆ. ಹೂವಿನ ರಸವೂ ಆಗಬಹುದು, ಹಿಪ್ಪೆ ಹೂವಿನದೊಂದನ್ನು ಬಿಟ್ಟು. ಹಿಪ್ಪೆ ಹೂವು ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಕಾಡಿನಂಚಿನ ಯಾರಿಗಾದರೂ ಗೊತ್ತು. ಅಂದರೆ ತಂಪಿಗೆ, ಸಿಹಿಗೆ, ಹಣ್ಣಿನ ಸೊಗಸಿಗೆ ಸನ್ಯಾಸಿಯ ಬದುಕಿನಲ್ಲೂ ಜಾಗ ಉಂಟು. ಪಂಚಶೀಲದಲ್ಲೂ ಒಂದು ವಿಶೇಷವಿದೆ. ಕೊಲ್ಲಬೇಡ, ಕದಿಯಬೇಡ ಮೊದಲಾದ ನಾಲ್ಕಕ್ಕೆ ಕಾರಣ ಹೇಳಿಲ್ಲ. ಐದನೆಯದಕ್ಕೆ ಮಾತ್ರ ಕಾರಣವೂ ನಿಯಮದ ಒಳಗೇ ಸೇರಿದೆ: ಮದ್ಯ ಮೈಮರೆವಿಗೆ ದಾರಿ.

ಇದನ್ನು ಹೇಳಿದರೆ ಹುಡುಗ ಬಿಡುತ್ತಾನೆಯೇ? "ಸರಿ, ಎಚ್ಚರ ಇದ್ರೆ ಆಯ್ತಲ್ಲ. ಒಂದು ಪೆಗ್ಗಿಗೆ ನಾನೇನೂ ಎಚ್ಚರ ತಪ್ಪಲ್ಲ."

ಅವನಿಗೆ ಸಾಗತನ ಕತೆ ಹೇಳಿದೆ. ಸಾಗತ ಸಾಮಾನ್ಯ ಭಿಕ್ಷುವಲ್ಲ. ಒಂದು ಭಯಂಕರ ನಾಗನನ್ನು ತನ್ನ ತಪೋಬಲದಿಂದ ಮಣಿಸಿದವನು. ಆ ಸುದ್ದಿ ಕೇಳಿ ಕೋಸಂಬಿಯ ಜನಕ್ಕೆ ಭಕ್ತಿ ಉಕ್ಕಿತು. ಮನೆಮನೆಯವರೂ ಒಳ್ಳೆಯ ಮದ್ಯ ಸಿದ್ಧಮಾಡಿಟ್ಟು, ಭಿಕ್ಷೆಗೆ ಬಂದವನಿಗೆ ಸ್ವಲ್ಪ ಸ್ವಲ್ಪ ಕುಡಿಸಿದರು. ಒಂದು ಮನೆಯದು ಒಂದು ಗುಟುಕೇ ಇದ್ದೀತು. ಊರ ಬಾಗಿಲು ದಾಟುವ ಹೊತ್ತಿಗೆ ಸಾಗತ ಕೆಳಗೆ ಬಿದ್ದಿದ್ದ. ಹೊತ್ತು ತಂದು ಬುದ್ಧನ ಕಡೆಗೆ ತಲೆ ಮಾಡಿ ಮಲಗಿಸಿದರೆ, ಹೊರಳಿ ಅವನ ಕಡೆಗೇ ಕಾಲು ಚಾಚಿದ. ಇವನೀಗ ಒಂದು ನೀರುಹಾವನ್ನಾದರೂ ಗೆಲ್ಲಬಲ್ಲನೇ ಎಂದು ಬುದ್ಧ ಕೇಳಿದನಂತೆ. ಭಿಕ್ಷುಗಳಿಗೆ ಮದ್ಯ ಕೂಡದೆಂಬ ನಿಯಮ ಬಂದದ್ದು ಆ ದಿನ.

ಎಚ್ಚರವಿದೆಯೇ ಎಂದು ನೋಡುವ ಬುದ್ಧಿಯೇ ಮೊದಲು ಮಂಕಾದರೆ ನೋಡುವವರು ಯಾರು? ಮುಳ್ಳೇ ಅಲುಗಾಡುತ್ತಿರುವ ತಕ್ಕಡಿಯಲ್ಲಿ ತೂಗಿ ತೋರಿಸಿದಂತೆ ಆ ಮಾತು. ಅದಕ್ಕೇ ನಿಯಮವನ್ನು ತಲೆಯ ಮೇಲೆ ಹೊರಿಸದೆ ಕೈಗೆ ಕಟ್ಟಿದರು. ಮೊದಲನೆಯ ಗುಟುಕಿಗೇ ಬೇಡ ಅನ್ನುವುದು ಮಡಿಯ ಅತಿರೇಕವಲ್ಲ, ಲೆಕ್ಕಾಚಾರ.

ಇಷ್ಟಾದರೂ ನನ್ನ ಮನಸ್ಸಿನ ಕಸಿವಿಸಿ ಬೇರೆಯೇ ಆಗಿತ್ತು. ಅದು ಹೊರಗೆ ಬಂದದ್ದು ಶುಕ್ರಾಚಾರ್ಯರ ನೆಪದಲ್ಲಿ. ಕಚನ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಅಸುರರು ಅವನನ್ನು ಕೊಂದು, ಸುಟ್ಟು, ಬೂದಿಯನ್ನು ಗುರುವಿನ ಸುರೆಯಲ್ಲಿ ಬೆರೆಸಿಕೊಟ್ಟರು. ಶುಕ್ರರು ಶಿಷ್ಯನನ್ನೇ ಕುಡಿದರು. ಹೊಟ್ಟೆಯೊಳಗಿಂದ ಕಚ ಮಾತಾಡಿದ ಮೇಲೆಯೇ ಅವರಿಗೆ ತಿಳಿದದ್ದು. ಅವನಿಗೆ ಸಂಜೀವಿನಿ ಕಲಿಸಿ, ಅವನು ಹೊಟ್ಟೆ ಸೀಳಿ ಬಂದು, ಸತ್ತ ಗುರುವನ್ನು ಬದುಕಿಸಿ, ಎಲ್ಲ ಮುಗಿದ ಮೇಲೆ ಶುಕ್ರರು ಸಿಟ್ಟಿನಿಂದ ಹೇಳಿದರು, ಇನ್ನು ಮುಂದೆ ಸುರೆ ಕುಡಿಯುವ ಬ್ರಾಹ್ಮಣನಿಗೆ ಬ್ರಹ್ಮಹತ್ಯೆಯ ದೋಷ ಎಂದು.

ನಾನು ಕೇಳುವುದು ಇಷ್ಟೇ. ಶಾಪ ಕುಡಿಯುವವನ ತಲೆಗೆ ಯಾಕೆ? ಬೂದಿ ಬೆರೆಸಿದ ಕೈಗೆ ಏನು ಬಂತು? ಶುಕ್ರರು ಬಯಸಿ ಕುಡಿದದ್ದು ಸುರೆಯನ್ನು, ಕಚನನ್ನಲ್ಲ. ಸಾಗತನಿಗೂ ಬಟ್ಟಲು ತುಂಬಿ ಕೊಟ್ಟವರು ಭಕ್ತರು, ನಿಯಮ ಬಂದದ್ದು ಭಿಕ್ಷುವಿನ ಮೇಲೆ. ಬೆರೆಸುವವರನ್ನು ಲೆಕ್ಕಕ್ಕೆ ತಂದವರೇ ಇಲ್ಲ ಅಂತಲ್ಲ. ಮದ್ಯದ ವ್ಯಾಪಾರ ಉಪಾಸಕನಿಗೆ ಸಲ್ಲದು ಎಂದು ಬುದ್ಧನೂ ಹೇಳಿದ್ದಾನೆ. ಹಿಂಡುವವನು, ಹೊರುವವನು, ಸುರಿದುಕೊಡುವವನು ಎಲ್ಲರೂ ಹೊಣೆಗಾರರು ಎಂದು ಹದೀಸಿನಲ್ಲಿದೆ. ನಮ್ಮ ಪುರಾಣಗಳಲ್ಲಿ ಮಾತ್ರ ಅಡುಗೆಮನೆಯ ಕಡೆಯಿಂದ ಈ ಪ್ರಶ್ನೆ ಕೇಳಿದವರು ನನಗೆ ಸಿಕ್ಕಿಲ್ಲ. ಕೇಳುವವರು ಯಾವಾಗಲೂ ಬಟ್ಟಲು ಹಿಡಿದು ಕೂತವರೇ ಆಗಿದ್ದರೋ ಏನೋ.

ಹಣ್ಣಿನ ಕಾಕ್‌ಟೇಲಿನಲ್ಲಿ ಹಣ್ಣು ಮಾಡುವ ಕೆಲಸ ಏನು ಎಂದು ನೋಡಿ. ಬರೀ ರಮ್ ಬಾಯಿಗೆ ಬಿದ್ದರೆ ನಾಲಿಗೆ ಉರಿಯುತ್ತದೆ, ಮೂಗು ಹಿಂದೆ ಸರಿಯುತ್ತದೆ. ಮೈ ತನ್ನ ಕಡೆಯಿಂದ ಎಚ್ಚರಿಕೆ ಕೊಡುತ್ತದೆ. ಕರಬೂಜ, ನಿಂಬೆ, ಸಕ್ಕರೆ, ಐಸು ಸೇರಿ ಆ ಎಚ್ಚರಿಕೆಯ ಬಾಯಿ ಮುಚ್ಚಿಸುತ್ತವೆ. ನಮ್ಮ ಬೀದಿಯ ಕೊನೆಯ ಮಾರಮ್ಮನ ಗುಡಿಯಲ್ಲಿ ಹಬ್ಬಕ್ಕೆ ಹೆಂಡದ ಎಡೆ ಇಡುತ್ತಾರೆ. ನಮ್ಮವರು ಅದನ್ನು ಕಂಡರೆ ಮೂಗು ಮುರಿಯುತ್ತಿದ್ದರು, ಈಗಲೂ ಮುರಿಯುತ್ತಾರೆ. ಆದರೆ ಆ ಹೆಂಡ ಹತ್ತು ಮಾರು ದೂರದಿಂದಲೇ ನಾನು ಹೆಂಡ ಎಂದು ವಾಸನೆಯಲ್ಲಿ ಹೇಳಿಕೊಳ್ಳುತ್ತದೆ. ತಾಯಿಗೂ ಗೊತ್ತು, ಪ್ರಸಾದ ತೆಗೆದುಕೊಳ್ಳುವವರಿಗೂ ಗೊತ್ತು. ಅಲ್ಲಿ ಮೋಸವಿಲ್ಲ. ಆ ಎಡೆಯ ಮುಂದೆ ನಮ್ಮ ಮಡಿಗೆ ಹೆಚ್ಚಿನ ಗೌರವ ಕೊಡಲು ನನಗೆ ಕಾರಣ ಕಾಣುವುದಿಲ್ಲ.

ಇನ್ನು ಜಗಲಿಯ ಕೊಳಗ. ಅಲ್ಲಿ ಲೋಟ ಚಾಚುವವರು ಯಾರ್ಯಾರು? ಶಾಲೆ ಬಿಟ್ಟು ಬಂದ ಮಕ್ಕಳು, ಆಟೋದವರು, ಸಕ್ಕರೆ ಕಾಯಿಲೆಯ ಪಕ್ಕದ್ಮನೆ ರಾಯರು, ಉಪವಾಸ ಹಿಡಿದವರು, ಹಣೆಗೆ ದುಪಟ್ಟಾ ಎಳೆದುಕೊಂಡು ಕೈಯೊಡ್ಡುವ ಹಿಂದಿನ ಬೀದಿಯ ಸಾಬರ ಹುಡುಗಿ, ಕುಡಿತ ಬಿಟ್ಟು ಹೆಂಡತಿಗೆ ಮಾತು ಕೊಟ್ಟ ಇಸ್ತ್ರಿಯವನು. ಒಬ್ಬರೂ ಇದರಲ್ಲಿ ಏನಿದೆ ಎಂದು ಕೇಳುವುದಿಲ್ಲ. ಆ ಕೇಳದಿರುವಿಕೆಯ ಮೇಲೆಯೇ ಪಾನಕದ ಧರ್ಮ ನಿಂತಿದೆ. ಅವರವರ ವ್ರತ, ಮಾತು, ಕಾಯಿಲೆ ಎಲ್ಲವನ್ನೂ ಅವರು ಆ ಕ್ಷಣ ನನ್ನ ಸೌಟಿಗೆ ಒಪ್ಪಿಸಿರುತ್ತಾರೆ. ರಾಯರಿಗೆ ಮಾತ್ರ ನಾನೇ ಕೂಗಿ ಹೇಳುತ್ತೇನೆ, "ಬೆಲ್ಲ ಜಾಸ್ತಿ ಇದೆ, ಅರ್ಧ ಲೋಟ ಸಾಕು" ಅಂತ. ಅವರು ಸಿಟ್ಟಾಗುತ್ತಾರೆ, ಪೂರ್ತಿ ಲೋಟವನ್ನೇ ಕುಡಿಯುತ್ತಾರೆ. ಅದು ಅವರ ಹಕ್ಕು, ತಿಳಿದು ಕುಡಿದದ್ದು.

ರಾಮ ಬೇಡ ಅನ್ನುತ್ತಾನೋ ಇಲ್ಲವೋ, ಅವನ ಪರವಾಗಿ ನಾನು ಉತ್ತರ ಕೊಡುವುದಿಲ್ಲ. ಹುಡುಗನಿಗೆ ಹೇಳಿದ್ದು ಇಷ್ಟು: ನಿನ್ನ ಲೋಟ, ನಿನ್ನ ರಮ್, ಹಿತ್ತಲ ಕಡೆ ಕೂತು ಏನು ಬೇಕಾದರೂ ಬೆರೆಸಿಕೋ, ನಿನ್ನ ವಯಸ್ಸಿಗೆ ನಾನು ಕಾವಲು ಕೂರುವುದಿಲ್ಲ. ಸ್ನೇಹಿತರಿಗೆ ಕೊಡುವಾಗ ಮಾತ್ರ ಎಷ್ಟು ಹಾಕಿದ್ದೀಯೆಂದು ಬಾಯಿ ಬಿಟ್ಟು ಹೇಳಿಯೇ ಕೊಡು. ಗಾಡಿ ಓಡಿಸಿಕೊಂಡು ಬಂದವನಿದ್ದರೆ ಹೇಳಿಯೂ ಕೊಡಬೇಡ.

"ಹೇಳಿಬಿಟ್ರೆ ಮಜಾನೇ ಹೋಗುತ್ತೆ ದೊಡ್ಡಮ್ಮ" ಅಂದ.

"ಹೋಗುವ ಮಜಾ ಹೋಗಲಿ ಬಿಡೋ. ಈಗ ಆ ಬೇಲದ ಹಣ್ಣು ಒಡೆದುಕೊಡು, ಎರಡನೆಯ ಕೊಳಗಕ್ಕೆ ತಿರುಳು ಸಾಲದು."