ಮಂತ್ರಿಸಿದ ಗಾಡಿ, ಮರೆತ ಹೆಲ್ಮೆಟ್ಟು

ಭಾನುವಾರ ಬೆಳಗಿನ ಬಲಿಪೂಜೆ ಮುಗಿದಿದೆ. ಜನ ಇನ್ನೂ ದೇವಾಲಯದ ಅಂಗಳದಲ್ಲೇ ನಿಂತು ಮಾತಾಡುತ್ತಿದ್ದಾರೆ. ಬೇವಿನ ಮರದ ನೆರಳಿನಲ್ಲಿ ಹೊಸ ಮೊಪೆಡ್ ಒಂದು ನಿಂತಿದೆ. ಹ್ಯಾಂಡಲ್ಲಿಗೆ ಸೇವಂತಿಗೆ ಹಾರ, ಸೀಟಿಗೆ ಇನ್ನೂ ಕೀಳದ ಪ್ಲಾಸ್ಟಿಕ್ ಕವರು. ಗುರುಗಳು ಪ್ರಾರ್ಥನೆ ಹೇಳಿ ತೀರ್ಥ ಚಿಮುಕಿಸುತ್ತಾರೆ. ಸುತ್ತ ನಿಂತವರು ‘ಆಮೆನ್’ ಎನ್ನುತ್ತಾರೆ. ಆಮೇಲೆ ಮನೆಯ ಯಜಮಾನ ಗಾಡಿ ಏರುತ್ತಾನೆ. ಚಿಕ್ಕ ಮಗ ಅವನ ಮುಂದೆ ನಿಲ್ಲುತ್ತಾನೆ, ಹೆಂಡತಿ ಹಿಂದೆ ಕೂರುತ್ತಾಳೆ, ಅವಳ ತೊಡೆಯ ಮೇಲೆ ಮಗಳು. ನಾಲ್ಕು ಜೀವಗಳು ಒಂದೇ ಗಾಡಿಯಲ್ಲಿ ಗೇಟು ದಾಟುತ್ತವೆ. ಒಬ್ಬರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ಗಾಡಿಯ ಜೊತೆ ತಂದ ಹೆಲ್ಮೆಟ್ಟು ಮನೆಯ ಬೀರುವಿನ ಮೇಲೆ ಕವರಿನೊಳಗೆ ಭದ್ರವಾಗಿದೆ.

ಪ್ರಿಯ ಓದುಗರೇ, ಈ ನೋಟ ನಿಮಗೆ ಹೊಸದಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ನಮ್ಮ ಕುಟುಂಬಗಳಿಗೆ ಗಾಡಿ ಎಂದರೆ ಷೋಕಿಯಲ್ಲ. ಡೇರಿಗೆ ಹಾಲಿನ ಕ್ಯಾನು, ಹಸುವಿಗೆ ಹುಲ್ಲಿನ ಹೊರೆ, ಗದ್ದೆಗೆ ಗೊಬ್ಬರದ ಮೂಟೆ ಸಾಗಬೇಕು; ಮಕ್ಕಳು ಶಾಲೆಗೆ, ಅಜ್ಜಿ ಆಸ್ಪತ್ರೆಗೆ ಹೋಗಬೇಕು. ಎಲ್ಲಕ್ಕೂ ಅದೇ ಗಾಡಿ. ಕೂಡಿಟ್ಟ ಹಣ ಸಾಲದೆ ಸಂಘದಲ್ಲಿ ಸಾಲ ಎತ್ತಿ ತಂದ ಗಾಡಿಯನ್ನು ಮೊದಲು ದೇವರ ಮುಂದೆ ನಿಲ್ಲಿಸಬೇಕೆಂಬ ಆಸೆ ಒಳ್ಳೆಯದೇ. ಆದರೆ ಅಲ್ಲಿ ನಾವು ಬೇಡಿಕೊಂಡದ್ದು ಏನು? ಬೇಡಿಕೊಂಡ ಮೇಲೆ ನಮ್ಮ ಪಾಲಿಗೆ ಉಳಿಯುವ ಕೆಲಸ ಏನು?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ರಸ್ತೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಒಮ್ಮೆ ಕೇಳಿದರು: “ಗಾಡಿ ತಂದ ದಿನವೇ ಮಂತ್ರಿಸಿಕೊಂಡು ಬಂದಿದ್ವಿ. ಕನ್ನಡಿಗೆ ಜಪಸರ ಕಟ್ಟಿದ್ದ. ಆದ್ರೂ ಹಿಂಗ್ಯಾಕಾಯ್ತು?” ಅಂಥ ಹೊತ್ತಿನಲ್ಲಿ ಉಪದೇಶಕ್ಕೆ ಜಾಗವಿಲ್ಲ. ಪಕ್ಕದಲ್ಲಿ ಕೂತು ಅಳುವುದೇ ಸರಿ. ಆದರೆ ಅವರು ಕೇಳಿದ್ದಕ್ಕೆ ನಾವು ನಮ್ಮೊಳಗಾದರೂ ಉತ್ತರ ಹುಡುಕಬೇಕು.

ಧರ್ಮಸಭೆ ವಾಹನಗಳನ್ನು ಆಶೀರ್ವದಿಸುತ್ತಾ ಬಂದಿದೆ. ಹಳೆಯ ಲತೀನ್ ವಿಧಿಗ್ರಂಥದಲ್ಲಿ ಬಂಡಿಯ ಆಶೀರ್ವಾದಕ್ಕೆಂದೇ ಒಂದು ಪ್ರಾರ್ಥನೆ ಇತ್ತು. ರಥದಲ್ಲಿ ಕೂತು ಪವಿತ್ರ ಗ್ರಂಥ ಓದುತ್ತಿದ್ದ ಇಥಿಯೋಪ್ಯದವನಿಗೆ ಫಿಲಿಪ್ಪನು ವಿಶ್ವಾಸದ ದಾರಿ ತೋರಿಸಿದ ಪ್ರಸಂಗವನ್ನು ಆ ಪ್ರಾರ್ಥನೆ ನೆನೆಯುತ್ತದೆ. ಅಂದರೆ ಧರ್ಮಸಭೆಯ ಕಣ್ಣು ರಥದ ಮೇಲಿಗಿಂತ ರಥದಲ್ಲಿ ಕೂತವನ ಮೇಲಿದೆ. ಕಬ್ಬಿಣಕ್ಕೂ ರಬ್ಬರಿಗೂ ಕೃಪೆ ಅಂಟುವುದಿಲ್ಲ. ಅದನ್ನು ನಡೆಸುವ ಮನುಷ್ಯ ಕೃಪೆಗೆ ಮನಸ್ಸು ತೆರೆಯಲಿ ಎಂದು ಧರ್ಮಸಭೆ ಬೇಡುತ್ತದೆ. ಒಳಗಿನ ಮನಸ್ಸು ಬದಲಾಗದೆ ಹೊರಗಿನ ಕ್ರಿಯೆಯೇ ಫಲ ಕೊಡುತ್ತದೆಂದು ನಂಬುವುದು ಮೂಢನಂಬಿಕೆ ಎಂದು ಕೆಟೆಕಿಸಂ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. ನೆರೆಮನೆಯವರು ಚಕ್ರದಡಿ ನಿಂಬೆಹಣ್ಣು ಇಟ್ಟರೆ ನಾವು ನಗುತ್ತೇವೆ. ನಮ್ಮ ತೀರ್ಥವನ್ನೂ ನಾವು ನಿಂಬೆಹಣ್ಣಿನಂತೆಯೇ ಬಳಸುತ್ತಿಲ್ಲವೇ?

ಸೈತಾನನು ಯೇಸುಸ್ವಾಮಿಯನ್ನು ಮಹಾದೇವಾಲಯದ ತುದಿಗೆ ಕರೆದೊಯ್ದ ಕಥೆ ನಿಮಗೆ ಗೊತ್ತು. ಕೆಳಗೆ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಅವನು ಹೇಳಿದ. ಅದಕ್ಕೆ ಕೀರ್ತನೆಯ ಮಾತನ್ನೇ ಆಧಾರ ಕೊಟ್ಟ. ಯೇಸು ಧುಮುಕಲಿಲ್ಲ. ಅದನ್ನು ಅವರು ದೇವರನ್ನು ಪರೀಕ್ಷಿಸುವುದೆಂದು ಕರೆದರು. ಕಾವಲುದೂತ ಇದ್ದಾನೆಂದು ಹೇಳಿಕೊಂಡು ಬರಿದಲೆಯಲ್ಲಿ ಹೆದ್ದಾರಿಗೆ ಇಳಿಯುವವನು ಆ ಗೋಪುರದ ತುದಿಯಲ್ಲೇ ನಿಂತಿದ್ದಾನೆ.

ಹಾಗಾದರೆ ಪ್ರಾರ್ಥನೆ ಬೇಡವೇ? ಖಂಡಿತ ಬೇಕು. ಪ್ರಾರ್ಥನೆಯೂ ಮುನ್ನೆಚ್ಚರಿಕೆಯೂ ಹೇಗೆ ಜೊತೆಯಾಗಿ ನಡೆಯುತ್ತವೆಂದು ನೋಡಲು ನಾವು ದೂರ ಹೋಗಬೇಕಿಲ್ಲ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದ್ಯುಬುವಾ ಅವರ ಹೆಸರಿನಿಂದಲೇ ಜನ ಗುರುತಿಸುವ ದೇವಾಲಯವಿದೆ. 1799ರ ನಂತರ ಇಲ್ಲಿನ ಕಥೋಲಿಕರ ಸೇವೆಗೆ ಬಂದ ಈ ಫ್ರೆಂಚ್ ಗುರುಗಳನ್ನು ಜನ ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಸಿಡುಬು ಊರೂರನ್ನೇ ಬರಿದು ಮಾಡುತ್ತಿದ್ದ ಕಾಲ ಅದು. ಅವರು ಬಲಿಪೂಜೆ ಅರ್ಪಿಸಿದರು, ರೋಗಿಗಳಿಗಾಗಿ ಪ್ರಾರ್ಥಿಸಿದರು. ಜೊತೆಗೆ ಆಗತಾನೇ ಬಂದಿದ್ದ ಸಿಡುಬಿನ ಲಸಿಕೆಯನ್ನು ಜನರಿಗೆ ಹಾಕಿಸಲು ಓಡಾಡಿದರು. 1803-04ರ ಅವಧಿಯಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿಸಿದರೆಂದು ದಾಖಲೆಯಿದೆ. ಪ್ರಾರ್ಥಿಸಿದ್ದೇನೆ, ಲಸಿಕೆ ಏಕೆ ಎಂದು ಅವರು ಕೇಳಲಿಲ್ಲ. ಹೆಲ್ಮೆಟ್ಟು ನಮ್ಮ ಕಾಲದ ಲಸಿಕೆ ಎಂದುಕೊಳ್ಳಿ.

ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಒಂದು ಸಣ್ಣ ನಿಯಮವಿದೆ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿಗೋಡೆ ಕಟ್ಟಬೇಕು. ಇಲ್ಲದಿದ್ದರೆ, ಅಲ್ಲಿಂದ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಆ ಮನೆಯದೇ. ಹೊಸದೊಂದು ಮನೆಗೆ ಬಂದಾಗ ಅದರ ಜೊತೆ ಹೊಣೆಯೂ ಬರುತ್ತದೆಂದು ಮೋಶೆಯ ಕಾಲದಲ್ಲೇ ದೇವರು ಕಲಿಸಿದರು. ಪಾಂಡವಪುರ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ವಿ.ಸಿ. ನಾಲೆಗೆ ಬಸ್ಸು ಉರುಳಿ 30 ಜನ ಪ್ರಾಣ ಬಿಟ್ಟರು. ನಾಲೆಯ ಅಂಚಿಗೆ ತಡೆಗೋಡೆ ಇಲ್ಲ ಎಂದು ಅಂದು ನಾವೆಲ್ಲ ಕೋಪಗೊಂಡೆವು. ಆ ಕೋಪ ನ್ಯಾಯವಾದದ್ದೇ. ನಾಲೆಗೆ ತಡೆಗೋಡೆ ಕಟ್ಟುವುದು ಸರ್ಕಾರದ ಕೆಲಸ. ನಮ್ಮ ಗಾಡಿಗೆ ಕಟ್ಟಬೇಕಾದ ತಡೆಗೋಡೆ ನಮ್ಮದೇ.

ಆ ತಡೆಗೋಡೆಯ ಕಲ್ಲುಗಳು ದೊಡ್ಡವೇನಲ್ಲ. ಮೊದಲ ಸವಾರಿಗೆ ಮುಂಚೆ ಗಾಡಿಯ ಜೊತೆ ಕೊಟ್ಟ ಪುಸ್ತಕವನ್ನು ಒಮ್ಮೆ ಓದಿ. ಓದಲಾಗದವರು ಮಕ್ಕಳಿಂದ ಓದಿಸಿಕೊಳ್ಳಿ. ಎರಡೂ ಟೈರಿನ ಗಾಳಿ, ಎರಡೂ ಬ್ರೇಕು, ದೀಪ, ಹಾರನ್ನು, ಇಂಡಿಕೇಟರು ನೋಡಿಕೊಳ್ಳಿ. ಅಂದ ಕೆಡುತ್ತದೆಂದು ಕನ್ನಡಿ ಬಿಚ್ಚಿಡಬೇಡಿ. ಹಾರ, ಜಪಸರಗಳು ಹ್ಯಾಂಡಲ್ಲಿಗೋ ಬ್ರೇಕಿನ ವಯರಿಗೋ ಸಿಕ್ಕಿಕೊಳ್ಳದಂತೆ ತೆಗೆದಿಡಿ. ಜಪಸರ ಜೇಬಿನಲ್ಲಿದ್ದರೂ ಮಾತೆ ಮರಿಯಮ್ಮನವರು ಜೊತೆಗಿರುತ್ತಾರೆ. ಹೊಸ ಟೈರು ಮೊದಲ ಕೆಲವು ದಿನ ಜಾರುತ್ತದೆ. ಸುಗ್ಗಿಯಲ್ಲಿ ನಾಗಮಂಗಲ, ಕೆ.ಆರ್. ಪೇಟೆ ಕಡೆ ರಸ್ತೆಗೇ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುವುದನ್ನು ಕಂಡಿದ್ದೀರಿ. ಆ ಹುಲ್ಲಿನ ಮೇಲೆ ಹೊಸ ಟೈರಿನಲ್ಲಿ ಗಕ್ಕನೆ ಬ್ರೇಕು ಹಿಡಿದರೆ ಬಿದ್ದಂತೆಯೇ. ಕತ್ತಲಾದ ಮೇಲೆ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳಿವೆ, ಎಚ್ಚರ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಿ, ಅಲ್ಲೂ ಎದುರುಬದುರಾಗಿ ನುಗ್ಗಬೇಡಿ.

ಪೆಟ್ರೋಲ್ ಗಾಡಿಯಾದರೆ ಎಂಜಿನ್ನಿಗೂ ಆರಂಭದಲ್ಲಿ ತಾಳ್ಮೆ ಬೇಕು. ಪಿಸ್ಟನ್ನೂ ಸಿಲಿಂಡರೂ ಒಂದಕ್ಕೊಂದು ಹೊಂದಿಕೊಳ್ಳಲು ಸಮಯ ಹಿಡಿಯುತ್ತದೆ. ಪುಸ್ತಕದಲ್ಲಿ ಹೇಳಿದಷ್ಟು ಕಿಲೋಮೀಟರು ಮುಗಿಯುವ ತನಕ ಪೂರ್ತಿ ವೇಗ ಬೇಡ, ಮಿತಿಮೀರಿದ ಹೊರೆ ಬೇಡ, ಮೊದಲ ಸರ್ವಿಸ್ ತಪ್ಪಿಸಬೇಡಿ. ಹೊಸದಾಗಿ ಮದುವೆಯಾದವರಿಗೆ ಹಿರಿಯರು ಹೇಳುವ ಬುದ್ಧಿಮಾತೂ ಇದೇ ಅಲ್ಲವೇ? ಮೊದಲು ಹೊಂದಿಕೊಳ್ಳಿ, ಓಟ ಆಮೇಲೆ ಇದ್ದೇ ಇದೆ.

ಇನ್ನೊಂದು ಮಾತು ಹೇಳುವುದು ಕಷ್ಟ, ಆದರೂ ಹೇಳಬೇಕು. ಹೊಸ ಗಾಡಿ ಕಂಡ ಕೂಡಲೇ ಗೆಳೆಯರು “ಪಾರ್ಟಿ ಯಾವಾಗ?” ಎನ್ನುತ್ತಾರೆ. ಬೆಳಿಗ್ಗೆ ದೇವಾಲಯಕ್ಕೆ ಬಂದ ಗಾಡಿ ಸಂಜೆ ಬಾರಿನ ಮುಂದೆ ನಿಲ್ಲುತ್ತದೆ. ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ತನ್ನ ಮತ್ತು ಇತರರ ಜೀವವನ್ನು ಅಪಾಯಕ್ಕೆ ಒಡ್ಡುವುದು ಘೋರ ಅಪರಾಧವೆಂದು ಕೆಟೆಕಿಸಂ ಗ್ರಂಥ ಕಲಿಸುತ್ತದೆ. ವ್ಯಾಟಿಕನ್ 2007ರಲ್ಲಿ ರಸ್ತೆ ಬಳಸುವವರ ಪಾಲನೆಯ ಬಗ್ಗೆ ಮಾರ್ಗದರ್ಶಿಯೊಂದನ್ನು ಹೊರಡಿಸಿತು. ಅದರಲ್ಲಿ ವಾಹನ ನಡೆಸುವವರಿಗೆ ಹತ್ತು ಆಜ್ಞೆಗಳಿವೆ, ಕೊಲ್ಲಬಾರದೆಂಬುದೇ ಮೊದಲನೆಯದು. ನಾವು ಪಾಪನಿವೇದನೆಯಲ್ಲಿ ಬೈದದ್ದನ್ನು, ಸುಳ್ಳಾಡಿದ್ದನ್ನು ಹೇಳುತ್ತೇವೆ. ಕುಡಿದು ಗಾಡಿ ಓಡಿಸಿದ್ದನ್ನು ಎಷ್ಟು ಜನ ಹೇಳಿದ್ದೇವೆ?

ತಂದೆತಾಯಿಗಳೇ, ಹತ್ತನೆಯ ತರಗತಿ ಪಾಸಾದ ಮಗನ ಕೈಗೆ ಪ್ರೀತಿಯಿಂದ ಕೀ ಕೊಡುತ್ತೀರಿ. ಈಗ ರಸ್ತೆಯಲ್ಲಿರುವ ಮೊಪೆಡ್ಡುಗಳು, ಪೆಟ್ರೋಲ್ ಸ್ಕೂಟರುಗಳು ಬಹುತೇಕ 50 ಸಿಸಿ ಮೀರಿದವು; ಅವುಗಳಿಗೆ 18 ವರ್ಷ ತುಂಬಿರಬೇಕು, ಲೈಸೆನ್ಸು ಇರಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಮಗ ತಪ್ಪು ಮಾಡಿದರೆ ಪೋಷಕರಿಗೋ ಗಾಡಿಯ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ದಂಡದ ಮಾತು ಹಾಗಿರಲಿ. ಮಗ ಕೇಳಿದ್ದನ್ನೆಲ್ಲ ಕೊಡುವುದು ಪ್ರೀತಿಯಲ್ಲ. ಎರಡು ವರ್ಷ ಅವನ ಮುನಿಸನ್ನು ಸಹಿಸಿಕೊಳ್ಳುವುದೂ ಪ್ರೀತಿಯೇ.

ಗಂಡನಿಗೊಂದು ಹೆಲ್ಮೆಟ್ಟು ಇದ್ದರೆ ಸಾಲದು. ಹಿಂದೆ ಕೂರುವವರಿಗೂ ಹೆಲ್ಮೆಟ್ಟನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ಕಡ್ಡಾಯ ಮಾಡಲಾಯಿತು. ಐಎಸ್‌ಐ ಗುರುತಿನ ಎರಡನೆಯ ಹೆಲ್ಮೆಟ್ಟನ್ನೂ ಗಾಡಿಯ ದುಡ್ಡಿನಲ್ಲೇ ಸೇರಿಸಿ ಲೆಕ್ಕ ಹಾಕಿ. ಹೆಂಡತಿಯ ತಲೆ ಗಂಡನ ತಲೆಗಿಂತ ಅಗ್ಗವೆಂದು ಯಾವ ವಿವಾಹ ಸಂಸ್ಕಾರದಲ್ಲೂ ಹೇಳಿಲ್ಲ.

ಮತ್ತೆ ಆ ತಾಯಿಯ ಮಾತಿಗೆ ಬರೋಣ. ಎಲ್ಲ ಎಚ್ಚರ ವಹಿಸಿದವನೂ ಒಮ್ಮೊಮ್ಮೆ ಬೀಳುತ್ತಾನೆ; ಬೇರೆಯವನ ತಪ್ಪಿಗೆ ಬಲಿಯಾಗುತ್ತಾನೆ. ಆದ್ದರಿಂದ ಬಿದ್ದವನತ್ತ ಬೆರಳು ತೋರಿಸುವ ಹಕ್ಕು ನಮಗಿಲ್ಲ. ಆಶೀರ್ವಾದವು ಅಪಘಾತವಿಲ್ಲವೆಂಬ ಕರಾರುಪತ್ರವಲ್ಲ. ಬದುಕಿನಲ್ಲೂ ಸಾವಿನಲ್ಲೂ ದೇವರು ಕೈಬಿಡುವುದಿಲ್ಲವೆಂಬ ಭರವಸೆ ಅದು. ಅವರ ಮಗನನ್ನು ದೇವರು ಕೈಬಿಟ್ಟಿಲ್ಲ. ಅವರನ್ನು ನಾವೂ ಕೈಬಿಡಬಾರದು. ಅಪಘಾತದಲ್ಲಿ ನೊಂದ ಕುಟುಂಬಗಳಿಗೆ ಆಸರೆಯಾಗಿರೆಂದು ಅದೇ ಹತ್ತು ಆಜ್ಞೆಗಳು ಕೇಳಿಕೊಳ್ಳುತ್ತವೆ. ನಿಮ್ಮ ಧರ್ಮಕೇಂದ್ರದಲ್ಲಿ ಅಂಥ ಮನೆಯೊಂದಿದ್ದರೆ ಈ ವಾರ ಹೋಗಿ ಬನ್ನಿ.

ನಿಮ್ಮ ಮನೆಗೆ ಹೊಸ ಗಾಡಿ ಬಂದರೆ ಹೀಗೆ ಮಾಡಿ. ಗುರುಗಳ ಬಳಿಗೆ ತರುವಾಗ ಹೆಲ್ಮೆಟ್ಟುಗಳನ್ನೂ ಲೈಸೆನ್ಸನ್ನೂ ತನ್ನಿ. ಮನೆಯವರೆಲ್ಲ ಸುತ್ತ ನಿಂತು, ನಡೆಸುವವರು ಗಾಡಿಯ ಮೇಲೆ ಕೈಯಿಟ್ಟು ಹೀಗೆ ಪ್ರಾರ್ಥಿಸಿ: “ಪ್ರಭುವೇ, ಈ ಗಾಡಿಯಿಂದ ನಮ್ಮ ಹೊಟ್ಟೆ ತುಂಬಲಿ. ಇದರಿಂದ ಯಾರ ಮನೆಯ ದೀಪವೂ ಆರದಿರಲಿ. ಆತುರ ಬಂದಾಗ ತಾಳ್ಮೆ ಕೊಡಿ. ದಾರಿಯಲ್ಲಿ ಬಿದ್ದವರನ್ನು ಕಂಡರೆ ನಿಲ್ಲುವ ಮನಸ್ಸು ಕೊಡಿ. ಆಮೆನ್.” ಆಮೇಲೆ ಹೆಲ್ಮೆಟ್ಟು ಹಾಕಿ, ಪಟ್ಟಿ ಬಿಗಿದು, ನಿಧಾನವಾಗಿ ಹೊರಡಿ.